ಸಾರ್ವಜನಿಕರ ಹಣ, ಬಡವರ ಸೂರು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಹಳೆಯ ಮನೆಯನ್ನು ದುರಸ್ತಿ ಮಾಡಿಸಿ ನೋಡು ಎಂಬ ಮೂರನೆಯ ಮಾತನ್ನು ಅವರೇಕೋ ಸೇರಿಸದೆ ಬಿಟ್ಟರು. ಹೊಸ ಮನೆಗಾದರೆ ಒಂದು ನಕ್ಷೆಯಿರುತ್ತದೆ, ಒಂದು ಅಂದಾಜುಪಟ್ಟಿಯಿರುತ್ತದೆ. ಇಷ್ಟು ಇಟ್ಟಿಗೆ, ಇಷ್ಟು ಮರ, ಇಷ್ಟು ಕೂಲಿ ಎಂದು ಮೊದಲೇ ಎಣಿಸಬಹುದು. ಹಳೆಯ ಮನೆಯ ಸಂಗತಿ ಹಾಗಲ್ಲ. ಒಂದು ಹೆಂಚು ತೆಗೆದರೆ ಅದರ ಕೆಳಗಿನ ರೀಪು ಕುಂಬಾಗಿರುವುದು ಕಾಣುತ್ತದೆ. ರೀಪು ತೆಗೆದರೆ ತೊಲೆಗೆ ಗೆದ್ದಲು ಹತ್ತಿರುವುದು ಕಾಣುತ್ತದೆ. ಎಲ್ಲಿ ತೊಡಗಿದೆವು ಎಂಬುದು ಗೊತ್ತು, ಎಲ್ಲಿ ನಿಲ್ಲಿಸಬೇಕೆಂಬುದು ಗೊತ್ತಿಲ್ಲ. ಸ್ವಂತ ಹಣದಿಂದ ಮಾಡಿಸುವವನ ಪಾಡೇ ಹೀಗಾದರೆ, ಊರವರೆಲ್ಲ ತೆತ್ತ ತೆರಿಗೆಯ ಹಣದಿಂದ ಸಾವಿರಾರು ಬಡವರ ಮನೆಗಳನ್ನು ದುರಸ್ತಿ ಮಾಡಿಸಲು ಹೊರಟ ನಗರದ ಪಾಡು ಏನಾದೀತು? ಆ ಹಣ ನಿಜವಾಗಿಯೂ ಮಾಡಿಗೆ, ಗೋಡೆಗೆ ಮುಟ್ಟಿತೆಂದು ನೋಡುವವರು ಯಾರು? ಇಂದು ನಾನು ಆಡಬೇಕೆಂದಿರುವ ನಾಲ್ಕು ಮಾತು ಈ ಪ್ರಶ್ನೆಯನ್ನು ಕುರಿತದ್ದು. ಉದಾಹರಣೆಗಳನ್ನು ಅಮೆರಿಕದ ನಗರಗಳಿಂದ ಆರಿಸಿಕೊಂಡಿದ್ದೇನೆ. ಈ ಪ್ರಯೋಗ ಅಲ್ಲಿ ದೀರ್ಘಕಾಲ ನಡೆದಿದೆ. ಅದರ ಸಾಧನೆಯೂ ಸೋಲೂ ಎರಡೂ ಬಹಿರಂಗವಾಗಿ ದಾಖಲಾಗಿವೆ.

ಒಬ್ಬನ ಸ್ವಂತ ಮನೆಗೆ ಸರ್ಕಾರದ ಹಣವೇಕೆ ಎಂದು ಮೊದಲಿಗೇ ಕೇಳಬಹುದು. ಮನೆ ಒಬ್ಬನದು, ನಿಜ. ಆದರೆ ಬೀದಿ ಎಲ್ಲರದು. ಒಂದು ಬೀದಿಯಲ್ಲಿ ಎರಡು ಮನೆ ಪಾಳುಬಿದ್ದರೆ ಮೂರನೆಯ ಮನೆಯ ಬೆಲೆ ಇಳಿಯುತ್ತದೆ. ಬ್ಯಾಂಕು ನಾಲ್ಕನೆಯ ಮನೆಗೆ ಸಾಲ ಕೊಡುವುದಿಲ್ಲ. ಐದನೆಯ ಮನೆಯವನು ಊರು ಬಿಡುತ್ತಾನೆ. ಕೇರಿಯೊಂದು ಸಾಯುವ ಕ್ರಮ ಇದು. ಅದನ್ನು ತಡೆಯಲು ಒಬ್ಬ ಬಡ ಮುದುಕಿಯ ಮಾಡಿಗೆ ಖರ್ಚುಮಾಡಿದ ಹಣ ಆ ಮುದುಕಿಗೆ ಕೊಟ್ಟ ದಾನವಲ್ಲ, ಇಡೀ ಕೇರಿಗೆ ಮಾಡಿದ ಚಿಕಿತ್ಸೆ ಎಂಬುದು ಈ ಯೋಜನೆಗಳ ಹಿಂದಿರುವ ತರ್ಕ.

ಈ ತರ್ಕ ಅಮೆರಿಕಕ್ಕೆ ಒಮ್ಮೆಲೇ ಹೊಳೆದದ್ದಲ್ಲ. 1949ರ ವಸತಿ ಕಾಯಿದೆ ಪ್ರತಿಯೊಂದು ಕುಟುಂಬಕ್ಕೂ ಯೋಗ್ಯವಾದ ಮನೆ ದೊರೆಯಬೇಕೆಂಬ ಆದರ್ಶವನ್ನು ಸಾರಿತು. ಆದರೆ ಅದರ ಬಲದಿಂದ ನಗರಗಳು ಮೊದಲು ಕೈಗೆತ್ತಿಕೊಂಡದ್ದು ಕರಣೆಯನ್ನಲ್ಲ, ಹಾರೆಯನ್ನು. ಕೊಳೆಗೇರಿಯೆಂದು ಹೆಸರಿಟ್ಟ ಕೇರಿಗಳನ್ನೆಲ್ಲ ನೆಲಸಮ ಮಾಡಿದರು. ಪಿಟ್ಸ್‌ಬರ್ಗ್ ನಗರದ ಲೋಯರ್ ಹಿಲ್ ಎಂಬ ಭಾಗದಲ್ಲಿ 1950ರ ದಶಕದಲ್ಲಿ ಒಂದು ಭಾರಿ ಕ್ರೀಡಾಂಗಣ ಮತ್ತು ಅದರ ಸುತ್ತಣ ಬಯಲಿಗಾಗಿ 8,000ಕ್ಕೂ ಹೆಚ್ಚು ಜನರನ್ನು ಒಕ್ಕಲೆಬ್ಬಿಸಲಾಯಿತು; ಅವರಲ್ಲಿ ಬಹುಪಾಲು ಜನ ಕಪ್ಪು ವರ್ಣೀಯರು. 1954ರ ಕಾಯಿದೆ ಕೆಡವುವುದರ ಜೊತೆಗೆ ದುರಸ್ತಿಗೂ ಅವಕಾಶ ಕೊಟ್ಟಿತು. 1964ರಲ್ಲಿ ದುರಸ್ತಿಗಾಗಿಯೇ ಕಡಿಮೆ ಬಡ್ಡಿಯ ಸಾಲ ಬಂದಿತು. ಆದರೂ ಅಧಿಕಾರಿಗಳ ಮನಸ್ಸು ಹೊಸದಾಗಿ ಕಟ್ಟುವ ಕಡೆಗೇ ವಾಲಿತ್ತು. ಹೊಸ ಕಟ್ಟಡಕ್ಕೆ ಅಡಿಗಲ್ಲು ಹಾಕಬಹುದು, ಅದರ ಮೇಲೆ ಹೆಸರು ಕೆತ್ತಿಸಬಹುದು; ತೇಪೆ ಹಚ್ಚಿದ ಮಾಡಿನ ಮೇಲೆ ಯಾರ ಹೆಸರನ್ನು ಕೆತ್ತಿಸುವುದು?

ಅದೇ ಪಿಟ್ಸ್‌ಬರ್ಗ್ ನಗರದ ಇನ್ನೊಂದು ಕೇರಿಯಲ್ಲಿ, ಸೆಂಟ್ರಲ್ ನಾರ್ತ್ ಸೈಡ್ ಎಂಬಲ್ಲಿ, 1968ರಲ್ಲಿ ಡೊರತಿ ಮೇ ರಿಚರ್ಡ್‌ಸನ್ ಎಂಬ ಕಪ್ಪು ಮಹಿಳೆ ಬೇರೊಂದು ಬಗೆಯನ್ನು ತೋರಿಸಿದಳು. ನಮ್ಮ ಕೇರಿಯನ್ನು ಕೆಡವಬೇಡಿ, ಸರಿಪಡಿಸಿ ಎಂಬುದು ಆಕೆಯ ವಾದ. ನೆರೆಹೊರೆಯವರನ್ನು ಸೇರಿಸಿಕೊಂಡು, 16 ಹಣಕಾಸು ಸಂಸ್ಥೆಗಳನ್ನು ಅಲ್ಲಿ ಸಾಲ ಕೊಡುವುದಕ್ಕೆ ಒಪ್ಪಿಸಿ, ಒಂದು ಟ್ರೇಲರ್ ಗಾಡಿಯನ್ನು ಬಾಡಿಗೆಗೆ ಹಿಡಿದು ಅದರಲ್ಲೇ ಕಚೇರಿ ತೆರೆದರು. ಕೇರಿಯ ನಿವಾಸಿಗಳು, ಬ್ಯಾಂಕಿನವರು, ನಗರದ ಅಧಿಕಾರಿಗಳು, ಈ ಮೂವರೂ ಒಂದೇ ಮೇಜಿನ ಸುತ್ತ ಕುಳಿತು ತೀರ್ಮಾನಿಸುವ ಪದ್ಧತಿ ಅಲ್ಲಿಂದ ಬೆಳೆಯಿತು. ಹತ್ತು ವರ್ಷಗಳ ತರುವಾಯ, 1978ರಲ್ಲಿ, ಅದೇ ಮಾದರಿಯನ್ನು ದೇಶದಲ್ಲೆಲ್ಲ ಹರಡಲು ಅಮೆರಿಕದ ಸಂಸತ್ತು ಒಂದು ನಿಗಮವನ್ನೇ ಸ್ಥಾಪಿಸಿತು. ಈ ಪದ್ಧತಿಯ ಬಗ್ಗೆ ಗಮನಿಸತಕ್ಕ ಅಂಶವೊಂದಿದೆ. ಮೇಲ್ವಿಚಾರಣೆಗಾಗಿ ಅಲ್ಲಿ ಬೇರೊಬ್ಬನನ್ನು ನೇಮಿಸಬೇಕಾಗಿರಲಿಲ್ಲ. ಯಾರ ಮನೆಯ ಕೆಲಸ ಆಯಿತು, ಯಾರದು ಆಗಲಿಲ್ಲ ಎಂಬುದು ಮೇಜಿನ ಸುತ್ತ ಕುಳಿತ ನೆರೆಯವರಿಗೆ ದಿನವೂ ಕಣ್ಣಿಗೆ ಬೀಳುತ್ತಿತ್ತು.

1974ರಲ್ಲಿ ಚಿತ್ರ ಬದಲಾಯಿತು. ಆ ವರ್ಷದ ಆಗಸ್ಟ್ ತಿಂಗಳಲ್ಲಿ ಅಧ್ಯಕ್ಷ ಫೋರ್ಡ್ ಅಂಕಿತ ಹಾಕಿದ ಕಾಯಿದೆಯೊಂದು ಹಿಂದಿನ ಹಲವು ಬಿಡಿ ಯೋಜನೆಗಳನ್ನು ಒಂದುಗೂಡಿಸಿ, ಒಂದು ಸೂತ್ರದ ಪ್ರಕಾರ ನಗರಗಳಿಗೆ ಇಡುಗಂಟಾಗಿ ಹಣ ಕೊಡುವ ಏರ್ಪಾಡು ಮಾಡಿತು. ಹಣ ವಾಷಿಂಗ್ಟನ್ನಿನದು, ಅದನ್ನು ಯಾವುದಕ್ಕೆ, ಎಲ್ಲಿ ಖರ್ಚುಮಾಡಬೇಕೆಂಬ ಆಯ್ಕೆ ನಗರದ್ದು. ಅದರ ಬಹುಭಾಗ ಕಡಿಮೆ ವರಮಾನದವರಿಗೆ ಪ್ರಯೋಜನವಾಗಬೇಕು, ಯೋಜನೆ ಸಿದ್ಧವಾಗುವ ಮುನ್ನ ಸಾರ್ವಜನಿಕ ಸಭೆ ಕರೆಯಬೇಕು ಎಂಬ ಕಟ್ಟಳೆಗಳಿವೆ. ಹೀಗೆ ಬಡವರ ಮನೆಯ ದುರಸ್ತಿ ಎಂಬುದು ನಗರಸಭೆಯ ಮಂಜೂರಾತಿಗೆ ಒಳಪಟ್ಟ ವಿಷಯವಾಯಿತು. ಮಂಜೂರು ಮಾಡುವ ಅಧಿಕಾರವಿದ್ದವರಿಗೆ ವಿಚಾರಿಸುವ ಹೊಣೆಯೂ ಉಂಟಷ್ಟೆ.

ಇನ್ನು ಈ ದುರಸ್ತಿ ನಡೆಯುವ ರೀತಿಯನ್ನು ಸ್ವಲ್ಪ ನೋಡೋಣ. ಮನೆಯೊಡೆಯ ಅರ್ಜಿ ಹಾಕುತ್ತಾನೆ. ಅವನ ವರಮಾನ, ಮನೆಯ ಹಕ್ಕುಪತ್ರಗಳನ್ನು ಪರಿಶೀಲಿಸುತ್ತಾರೆ. ಇನ್‌ಸ್ಪೆಕ್ಟರನೊಬ್ಬ ಬಂದು ಮನೆ ನೋಡಿ ಯಾವ ಯಾವ ಕೆಲಸವಾಗಬೇಕೆಂದು ಪಟ್ಟಿ ಬರೆಯುತ್ತಾನೆ. ಗುತ್ತಿಗೆದಾರರಿಂದ ದರಗಳನ್ನು ಕರೆಯುತ್ತಾರೆ. ಕೆಲಸ ಮುಂದುವರಿದಂತೆ ಕಂತು ಕಂತಾಗಿ ಹಣ ಸಂದಾಯವಾಗುತ್ತದೆ. ಕೊನೆಯ ಕಂತನ್ನು ಅಂತಿಮ ತನಿಖೆಯವರೆಗೆ ತಡೆಹಿಡಿಯುತ್ತಾರೆ. ಮನೆಯೊಡೆಯನಿಗೆ ಕೊಡುವುದು ಹಲವು ವೇಳೆ ಸಾಲದ ರೂಪದಲ್ಲಿ. ಇಂತಿಷ್ಟು ವರ್ಷ ಅದೇ ಮನೆಯಲ್ಲಿ ವಾಸವಾಗಿದ್ದರೆ ಆ ಸಾಲ ಮನ್ನಾ ಆಗುತ್ತದೆ. ಸರ್ಕಾರದ ಖರ್ಚಿನಲ್ಲಿ ದುರಸ್ತಿ ಮಾಡಿಸಿ ಮರುದಿನವೇ ಮನೆ ಮಾರಿ ಲಾಭ ಮಾಡಿಕೊಳ್ಳಬಾರದೆಂಬುದು ಇದರ ಉದ್ದೇಶ.

ಕಾಗದದ ಮೇಲೆ ಇದು ಬಲು ಭದ್ರವಾದ ಏರ್ಪಾಡು. ಆದರೆ ಇದರ ಪ್ರತಿಯೊಂದು ಸಂದಿಯಲ್ಲಿಯೂ ಸೋರುವುದಕ್ಕೆ ಜಾಗವಿದೆ. ಕೆಲಸದ ಪಟ್ಟಿಯಲ್ಲಿ ಬೇಡದ್ದು ಸೇರಬಹುದು, ಬೇಕಾದದ್ದು ಬಿಟ್ಟುಹೋಗಬಹುದು. ಮೂವರು ಗುತ್ತಿಗೆದಾರರ ದರಗಳು ಒಂದೇ ಲೇಖನಿಯಿಂದ ಹೊರಟಿರಬಹುದು. ಗೋಡೆ ಬಿಚ್ಚಿದ ಮೇಲೆ ಹೊಸ ಹಾನಿ ಕಂಡಿತೆಂದು ಹೇಳಿ ಅಂದಾಜನ್ನು ಏರಿಸುತ್ತ ಹೋಗಬಹುದು. ಮೊದಲೇ ಹೇಳಿದಂತೆ ಹಳೆಯ ಮನೆಯಲ್ಲಿ ಅದು ನಿಜವೂ ಆಗಿರಬಹುದಾದ್ದರಿಂದ ಸುಳ್ಳನ್ನು ಬೇರ್ಪಡಿಸುವುದು ಕಷ್ಟ. ಎಲ್ಲಕ್ಕಿಂತ ಮಿಗಿಲಾಗಿ, ಮನೆಯೊಳಗೆ ಕಾಲಿಡದೆಯೇ ಕೆಲಸ ಮುಗಿದಿದೆಯೆಂದು ಸರ್ಟಿಫಿಕೇಟು ಬರೆಯಬಹುದು. ರಸ್ತೆಯನ್ನು ಹಾಕದೆ ಹಾಕಿದೆವೆಂದರೆ ಊರೇ ನಗುತ್ತದೆ. ಮುದುಕಿಯೊಬ್ಬಳ ಅಡುಗೆಮನೆಯ ಗೋಡೆ ದುರಸ್ತಿಯಾಗಿದೆಯೋ ಇಲ್ಲವೋ ಎಂಬುದು ಆ ಮುದುಕಿಗಲ್ಲದೆ ಬೇರೆಯವರಿಗೆ ತಿಳಿಯುವುದಿಲ್ಲ. ಆಕೆಯ ಮಾತಾದರೋ ಕಡತದವರೆಗೆ ಮುಟ್ಟುವುದಿಲ್ಲ.

ಇಲ್ಲಿ ನಗರಸಭೆಯ ಕೈಯಲ್ಲಿರುವ ಆಯುಧಗಳು ಎರಡು: ಒಂದು ಬೊಕ್ಕಸದ ಬೀಗ, ಇನ್ನೊಂದು ಅಧಿಕಾರಿಗಳನ್ನು ಸಭೆಗೆ ಕರೆದು ಬಹಿರಂಗವಾಗಿ ಪ್ರಶ್ನಿಸುವ ಹಕ್ಕು. ಇವುಗಳಿಗೂ ಮಿತಿಯುಂಟು. ಬಜೆಟ್ಟು ವರ್ಷಕ್ಕೊಮ್ಮೆ ಬರುತ್ತದೆ. ಹಣ ದಿನವೂ ಹರಿಯುತ್ತದೆ. ನಗರಗಳು ಈ ಕೆಲಸವನ್ನು ತಮ್ಮ ಇಲಾಖೆಯಿಂದಲೇ ಮಾಡಿಸದೆ, ಲಾಭೋದ್ದೇಶವಿಲ್ಲದ ಬೇರೆ ಸಂಸ್ಥೆಗಳಿಗೆ ವಹಿಸುವುದುಂಟು. ಅದಕ್ಕೆ ಸಕಾರಣವೂ ಇದೆ. ಅಂಥ ಸಂಸ್ಥೆ ಬೇಗ ಕೆಲಸ ಮಾಡಬಲ್ಲದು, ಕೇರಿಯ ಜನಕ್ಕೆ ಹತ್ತಿರವಾಗಿರಬಲ್ಲದು. ಆದರೆ ಹಣ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿದಂತೆಲ್ಲ ಹೊಣೆ ಮಸುಕಾಗುತ್ತದೆ. ಕೇಳಿದರೆ ಇಲಾಖೆ ಸಂಸ್ಥೆಯನ್ನು ತೋರಿಸುತ್ತದೆ, ಸಂಸ್ಥೆ ಗುತ್ತಿಗೆದಾರನನ್ನು ತೋರಿಸುತ್ತದೆ, ಗುತ್ತಿಗೆದಾರ ತನ್ನ ಬಿಲ್ಲನ್ನು ತೋರಿಸುತ್ತಾನೆ.

ಈ ಮಾತಿಗೆ ನ್ಯೂ ಆರ್ಲಿಯನ್ಸ್ ನಗರದ ಕಥೆಗಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿದಿಲ್ಲ. ಮಿಸಿಸಿಪ್ಪಿ ನದಿಯ ತಿರುವಿನಲ್ಲಿ ಫ್ರೆಂಚರು 1718ರಲ್ಲಿ ಕಟ್ಟಿದ ಊರು ಅದು. ಅದರ ಸುಮಾರು ಅರ್ಧದಷ್ಟು ಭಾಗ ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿದೆ. ಒಡ್ಡುಗಳೇ ಅದಕ್ಕೆ ಕೋಟೆ. 2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಬೀಸಿದಾಗ ಆ ಒಡ್ಡುಗಳು ಒಡೆದು ನಗರದ ಶೇಕಡಾ 80ರಷ್ಟು ಭಾಗ ನೀರಿನಲ್ಲಿ ಮುಳುಗಿತು. ವಾರಗಟ್ಟಲೆ ನೀರು ನಿಂತಿತು. 2000ದ ಜನಗಣತಿಯಲ್ಲಿ 4,84,674 ಇದ್ದ ಜನಸಂಖ್ಯೆ 2010ರ ಗಣತಿಯಲ್ಲಿ 3,43,829ಕ್ಕೆ ಇಳಿದಿತ್ತೆಂದರೆ ಆ ಪೆಟ್ಟಿನ ಆಳ ತಿಳಿದೀತು.

ನೀರು ಇಳಿದ ಮನೆಯೊಳಗೆ ಆಳೆತ್ತರ ಬೂಸು ಬೆಳೆದಿತ್ತು. ಅಂಥ ಮನೆಯನ್ನು ಉಳಿಸಬೇಕಾದರೆ ಒಳಗಿನ ಸಾಮಾನು, ಗೋಡೆಯ ಹಲಗೆ, ಎಲ್ಲವನ್ನೂ ಕಿತ್ತು ಹೊರಗೆ ಹಾಕಿ, ಮರದ ಚೌಕಟ್ಟೊಂದನ್ನೇ ಉಳಿಸಿ ಒಣಗಿಸಬೇಕು. ಈ ಕೆಲಸವನ್ನು 2006ರ ಆಗಸ್ಟ್ 29ರೊಳಗೆ ಮುಗಿಸಬೇಕೆಂದೂ ಇಲ್ಲವಾದರೆ ಮನೆ ನೆಲಸಮವಾಗುವ ಅಪಾಯವಿದೆಯೆಂದೂ ನಗರಸಭೆ ಒಂದು ಕಟ್ಟಳೆ ಮಾಡಿತು. ಕಟ್ಟಳೆ ಅನಗತ್ಯವಾಗಿರಲಿಲ್ಲ, ಕೊಳೆಯುವ ಮನೆ ನೆರೆಯವರಿಗೂ ಅಪಾಯ. ಆದರೆ ದೂರದ ಊರುಗಳಲ್ಲಿ ಆಶ್ರಯ ಪಡೆದಿದ್ದ ವೃದ್ಧರು, ಬಡವರು ಏನು ಮಾಡಬೇಕು? ಅವರ ನೆರವಿಗೆಂದು ನಗರದ ಅಂಗಸಂಸ್ಥೆಯೊಂದು ಕೇಂದ್ರ ಸರ್ಕಾರದ ಹಣದಿಂದ ಮನೆಗಳನ್ನು ಶುದ್ಧಮಾಡಿ, ಬಾಗಿಲು ಕಿಟಕಿಗಳಿಗೆ ಹಲಗೆ ಬಡಿದು ರಕ್ಷಿಸುವ ಕಾರ್ಯವನ್ನು ವಹಿಸಿಕೊಂಡಿತು. ನ್ಯೂ ಆರ್ಲಿಯನ್ಸ್ ಅಫರ್ಡಬಲ್ ಹೋಮ್‌ಓನರ್‌ಷಿಪ್ ಎಂಬುದು ಅದರ ಹೆಸರು. ಆ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ಬೈಬಲ್ಲಿನ ನೋಹನ ಹೆಸರಾಗುತ್ತದೆ. ಜಲಪ್ರಳಯದಲ್ಲಿ ನಾವೆ ಕಟ್ಟಿ ಜೀವಗಳನ್ನು ಉಳಿಸಿದವನು ಅವನು.

ಈ ನಾವೆಯಲ್ಲಿ ತೂತುಗಳಿವೆ ಎಂಬುದನ್ನು ಮೊದಲು ಕಂಡದ್ದು ನಗರಸಭೆಯಲ್ಲ, ಲೆಕ್ಕಪರಿಶೋಧಕರೂ ಅಲ್ಲ. ಕ್ಯಾರೆನ್ ಗ್ಯಾಡ್‌ಬೋಯ್ ಎಂಬ ಗೃಹಸ್ಥೆ ಹಳೆಯ ಮನೆಗಳನ್ನು ಕೆಡವುವುದು ನ್ಯಾಯವಲ್ಲವೆಂದು ಬೀದಿ ಬೀದಿ ತಿರುಗಿ ಛಾಯಾಚಿತ್ರ ತೆಗೆಯುತ್ತಿದ್ದಳು. ಶುದ್ಧಮಾಡಿದ ಮನೆಗಳ ಪಟ್ಟಿ ಕೈಗೆ ಬಂದಾಗ ಆಕೆ ಮಾಡಿದ ಕೆಲಸ ಅತ್ಯಂತ ಸರಳವಾದದ್ದು. ಪಟ್ಟಿಯನ್ನು ಹಿಡಿದುಕೊಂಡು ಆ ವಿಳಾಸಗಳಿಗೆ ಹೋಗಿ ನೋಡಿದಳು. ಕೆಲವು ಮನೆಗಳನ್ನು ಯಾರೂ ಮುಟ್ಟಿರಲಿಲ್ಲ. ಕೆಲವು ವಿಳಾಸಗಳಲ್ಲಿ ಮನೆಯೇ ಇರಲಿಲ್ಲ, ಅದನ್ನು ಕೆಡವಿಹಾಕಿದ್ದರು. ಇನ್ನು ಕೆಲವನ್ನು ಚರ್ಚುಗಳಿಂದ ಬಂದ ಸ್ವಯಂಸೇವಕರು ಒಂದು ಕಾಸೂ ಪಡೆಯದೆ ಶುದ್ಧಮಾಡಿ ಹೋಗಿದ್ದರು. ಡಬ್ಲ್ಯು.ಡಬ್ಲ್ಯು.ಎಲ್. ದೂರದರ್ಶನ ಕೇಂದ್ರದ ವರದಿಗಾರ ಲೀ ಝೂರಿಕ್ 2008ರ ಬೇಸಿಗೆಯಲ್ಲಿ ಈ ಸಂಗತಿಗಳನ್ನು ಒಂದೊಂದಾಗಿ ಬಯಲಿಗೆ ತಂದ. ಆ ವರದಿಗಳಿಗೆ ಆ ವರ್ಷದ ಪೀಬಡಿ ಪ್ರಶಸ್ತಿ ದೊರೆಯಿತು.

ಆಗ ಮೇಯರ್ ಆಗಿದ್ದ ರೇ ನೇಗಿನ್ ಮೊದಲು ಈ ವರದಿಗಳನ್ನು ಅಲ್ಲಗಳೆದರು. ಇಂಥ ಪ್ರಚಾರದಿಂದ ನಗರದ ಪುನರ್ನಿರ್ಮಾಣಕ್ಕೇ ಧಕ್ಕೆಯಾಗುತ್ತದೆಂಬುದು ಅವರ ಆಕ್ಷೇಪ. ನಗರಸಭೆ ಅಧಿಕಾರಿಗಳನ್ನು ಕರೆಸಿ ಬಹಿರಂಗ ವಿಚಾರಣೆ ನಡೆಸಿತು. ಆಗಸ್ಟ್ ತಿಂಗಳಲ್ಲಿ ಎಫ್.ಬಿ.ಐ.ನವರು ಸಂಸ್ಥೆಯ ಕಚೇರಿಯನ್ನು ಶೋಧಿಸಿ ಕಡತಗಳನ್ನು ಕೊಂಡೊಯ್ದರು. ನ್ಯಾಯದ ನಡಿಗೆ ನಿಧಾನದ್ದು. ಸಂಸ್ಥೆಯ ನಿರ್ದೇಶಕಿಯಾಗಿದ್ದಾಕೆಯ ಮೇಲೆ ಆರೋಪಪಟ್ಟಿ ಬಂದದ್ದು 2013ರಲ್ಲಿ, ಆಕೆ ತಪ್ಪೊಪ್ಪಿಕೊಂಡದ್ದು 2014ರಲ್ಲಿ. ಕೆಲವು ಗುತ್ತಿಗೆದಾರರೂ ತಪ್ಪೊಪ್ಪಿಕೊಂಡರು. ಮೇಯರ್ ನೇಗಿನ್ ಈ ಪ್ರಕರಣದಲ್ಲಿ ಅಲ್ಲದಿದ್ದರೂ ಬೇರೆ ಲಂಚದ ಪ್ರಕರಣಗಳಲ್ಲಿ 2014ರಲ್ಲಿ ಹತ್ತು ವರ್ಷಗಳ ಸೆರೆವಾಸದ ಶಿಕ್ಷೆಗೆ ಗುರಿಯಾದರು.

ಮೇಯರ್ ತಪ್ಪಿತಸ್ಥರೆಂದು ಮುಂದೆ ತೀರ್ಮಾನವಾದ ಮಾತ್ರಕ್ಕೆ ಅವರ ಆಕ್ಷೇಪವನ್ನು ತಳ್ಳಿಹಾಕುವುದು ನ್ಯಾಯವಲ್ಲ. ಅದರಲ್ಲಿಯೂ ಒಂದು ಸತ್ಯಾಂಶವಿದೆ. ಮುಳುಗಿದ ಊರಿನಲ್ಲಿ ಪ್ರತಿಯೊಂದು ಮೊಳೆಗೂ ರಸೀದಿ ಕೇಳುತ್ತ ಕುಳಿತರೆ ಒಂದು ಮನೆಯೂ ಏಳುವುದಿಲ್ಲ. ಹಗರಣದ ಸುದ್ದಿ ಹಬ್ಬಿದರೆ ದೂರದಲ್ಲಿರುವ ತೆರಿಗೆದಾರ, ಈ ಊರಿಗೆ ಇನ್ನು ಹಣ ಕೊಡಬೇಡಿ ಎಂದಾನು. ಕಳ್ಳರು ಮಾಡಿದ ಪಾಪಕ್ಕೆ ಬಡವರು ದಂಡ ತೆತ್ತಾರು. ಆದರೆ ಈ ವಾದವನ್ನು ಕೊನೆಯವರೆಗೆ ಒಯ್ದು ನೋಡಬೇಕು. ತಡವಾಗುವುದೆಂದು ತನಿಖೆಯನ್ನು ಬಿಟ್ಟುಬಿಟ್ಟಾಗ ವೇಗ ಬಂದದ್ದು ಯಾವುದಕ್ಕೆ? ಹಣದ ಸಂದಾಯಕ್ಕೆ ಬಂದಿತೇ ಹೊರತು ಮನೆಯ ಕೆಲಸಕ್ಕೆ ಬರಲಿಲ್ಲ. ಮನೆ ಶುದ್ಧವಾಯಿತೆಂದು ಕಾಗದದಲ್ಲಿ ಬರೆದ ಮೇಲೆ ಆ ಮನೆಯೊಡತಿಯ ಹೆಸರು ಮುಂದಿನ ಯಾವ ಪಟ್ಟಿಯಲ್ಲಿಯೂ ಬರುವುದಿಲ್ಲ. ಆಕೆಗೆ ನೆರವು ದೊರೆಯಲಿಲ್ಲ, ನೆರವು ದೊರೆತಿದೆ ಎಂಬ ಸುಳ್ಳು ಬೇರೆ ಅಂಟಿಕೊಂಡಿತು. ಏನೂ ದೊರೆಯದವನ ಸ್ಥಿತಿಗಿಂತ ಇದು ಹೀನವಾದದ್ದು.

ನಗರಸಭೆಯನ್ನು ಸದ್ಗುಣಿಗಳ ಕೂಟವೆಂದು ಚಿತ್ರಿಸುವುದೂ ನನ್ನ ಉದ್ದೇಶವಲ್ಲ. ಅದೇ ನ್ಯೂ ಆರ್ಲಿಯನ್ಸ್ ನಗರಸಭೆಯ ಹಿರಿಯ ಸದಸ್ಯರಾಗಿದ್ದ ಆಲಿವರ್ ಥಾಮಸ್ 2007ರ ಆಗಸ್ಟಿನಲ್ಲಿ ವಾಹನ ನಿಲ್ದಾಣದ ಗುತ್ತಿಗೆಯ ಸಂಬಂಧದಲ್ಲಿ ಲಂಚ ಪಡೆದುದನ್ನು ಒಪ್ಪಿಕೊಂಡು ರಾಜೀನಾಮೆ ಕೊಟ್ಟರು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಆದ್ದರಿಂದ ಕಾಯುವವನನ್ನೂ ಕಾಯುವ ಒಂದು ಏರ್ಪಾಡು ಬೇಕಾಗುತ್ತದೆ. ಆ ನಗರದಲ್ಲಿ ಸ್ವತಂತ್ರ ಮಹಾತನಿಖಾಧಿಕಾರಿಯೊಬ್ಬರು ಇರಬಹುದೆಂದು 1995ರಲ್ಲೇ ಮತದಾರರು ಒಪ್ಪಿದ್ದರು. ಆದರೆ ಆ ಹುದ್ದೆಗೆ ಮೊದಲ ಅಧಿಕಾರಿ ಬಂದದ್ದು 2007ರಲ್ಲಿ. ಹುದ್ದೆ ಸೃಷ್ಟಿಸಿ ಹಣ ಕೊಡದೆ ಸೊರಗಿಸುವುದು ಎಲ್ಲ ಕಾಲದ ಆಡಳಿತಗಾರರಿಗೂ ತಿಳಿದ ಉಪಾಯ. ಹಗರಣ ಬಯಲಾದ ಆ 2008ರ ಅಕ್ಟೋಬರಿನಲ್ಲಿಯೇ ಮತದಾರರು ನಗರದ ಸಾಮಾನ್ಯ ನಿಧಿಯ ಶೇಕಡಾ 0.75ರಷ್ಟನ್ನು ಈ ಕಚೇರಿಗೂ ಇಂಥದೇ ಇನ್ನೆರಡು ಮೇಲ್ವಿಚಾರಕ ಸಂಸ್ಥೆಗಳಿಗೂ ಮೀಸಲಾಗಿಡುವ ತಿದ್ದುಪಡಿಯನ್ನು ಅಂಗೀಕರಿಸಿದರು. ನೂರು ರೂಪಾಯಿಯಲ್ಲಿ ಮುಕ್ಕಾಲು ರೂಪಾಯಿ. ಚಿಕ್ಕ ಮೊತ್ತವೇ, ಆದರೆ ಅದನ್ನು ಕಿತ್ತುಕೊಳ್ಳುವ ಅಧಿಕಾರ ಮೇಯರರಿಗೂ ಇಲ್ಲ, ನಗರಸಭೆಗೂ ಇಲ್ಲ.

ಮೇಲ್ವಿಚಾರಣೆ ಎಂದೊಡನೆ ಎಲ್ಲವೂ ಸರಿಹೋಯಿತೆಂದು ಭಾವಿಸಬಾರದು. ಅದು ತಪ್ಪು ದಿಕ್ಕಿಗೆ ತಿರುಗಿದರೆ ಎಷ್ಟು ಕ್ರೂರವಾಗಬಹುದೆಂಬುದಕ್ಕೂ ಅದೇ ರಾಜ್ಯದಲ್ಲಿ ಸಾಕ್ಷಿಯಿದೆ. ಕತ್ರೀನಾದ ತರುವಾಯ ಲೂಯಿಸಿಯಾನ ರಾಜ್ಯ ಸರ್ಕಾರ ಮನೆಯೊಡೆಯರಿಗೆ, ಮುಂದಿನ ಪ್ರವಾಹಕ್ಕೆ ಸಿಗದಂತೆ ಮನೆಯನ್ನು ನೆಲದಿಂದ ಮೇಲೆತ್ತಿಸಿಕೊಳ್ಳಲು 30,000 ಡಾಲರುಗಳವರೆಗೆ ಅನುದಾನ ಕೊಟ್ಟಿತು. ಮನೆ ಎತ್ತಿಸಲು ಆ ಹಣ ಸಾಲದು. ಹಲವರು ಅದನ್ನು ಮುರಿದ ಮನೆಯ ದುರಸ್ತಿಗೇ ಬಳಸಿದರು. ಹಾಗೆ ಬಳಸಬಹುದೆಂದು ಯೋಜನೆಯ ಪ್ರತಿನಿಧಿಗಳೇ ಹೇಳಿದ್ದರೆಂದು ಅವರಲ್ಲಿ ಅನೇಕರು ನುಡಿದರು. ವರ್ಷಗಳು ಕಳೆದ ಮೇಲೆ, ಹಣ ಹಿಂದಿರುಗಿಸಿ ಎಂದು ಸರ್ಕಾರ ಸುಮಾರು 3,500 ಮಂದಿಯ ಮೇಲೆ ದಾವೆ ಹೂಡಿತು. ಪತ್ರಿಕೆಗಳು ಈ ಅನ್ಯಾಯವನ್ನು ಎತ್ತಿ ತೋರಿಸಿದ ಬಳಿಕ 2023ರಲ್ಲಿ ಆ ದಾವೆಗಳನ್ನು ಕೈಬಿಡಲು ಒಪ್ಪಂದವಾಯಿತು. ಹೋಲಿಸಿ ನೋಡಿ: ಒಂದು ಕಡೆ ಮನೆ ಮುಟ್ಟದೆ ಹಣ ಪಡೆದವರನ್ನು ಯಾರೂ ಕೇಳಲಿಲ್ಲ, ಇನ್ನೊಂದು ಕಡೆ ಪಡೆದ ಹಣವನ್ನು ಮನೆಗೇ ಹಾಕಿದವರನ್ನು ಕೋರ್ಟಿಗೆ ಎಳೆದರು. ಎರಡರಲ್ಲಿಯೂ ಇದ್ದ ಕೊರತೆ ಒಂದೇ ಎಂದು ನನಗೆ ತೋರುತ್ತದೆ. ಕಾಗದ ಓದಿದರು, ಮನೆಯನ್ನು ನೋಡಲಿಲ್ಲ.

ಹಾಗಾದರೆ ನಗರಸಭೆಯೊಂದು ಮಾಡಬೇಕಾದದ್ದೇನು? ನನ್ನ ತಿಳಿವಳಿಕೆಯಂತೆ ಅದು ಬಲು ದೊಡ್ಡ ವಿದ್ಯೆಯೇನಲ್ಲ. ದುರಸ್ತಿಯಾದ ಮನೆಗಳ ಪಟ್ಟಿಯನ್ನು, ಯಾವ ಕೆಲಸಕ್ಕೆ ಯಾವ ಗುತ್ತಿಗೆದಾರನಿಗೆ ಎಷ್ಟು ಸಂದಿತೆಂಬ ವಿವರದೊಡನೆ, ಕೇಳುವ ಮೊದಲೇ ಪ್ರಕಟಿಸಬೇಕು. ಕೆಲಸ ಮುಗಿಯಿತೆಂದು ಬರೆಯುವವನು ಬೇರೆ, ಹಣ ಕೊಡುವವನು ಬೇರೆ ಆಗಿರಬೇಕು. ಪಟ್ಟಿಯಿಂದ ಹತ್ತು ವಿಳಾಸಗಳನ್ನು ಮುನ್ಸೂಚನೆಯಿಲ್ಲದೆ ಆರಿಸಿ, ಸದಸ್ಯರು ತಾವೇ ಹೋಗಿ ಬಾಗಿಲು ತಟ್ಟಬೇಕು. ತನ್ನ ವಾರ್ಡಿನ ಮನೆ ಪಟ್ಟಿಯಲ್ಲಿದೆಯೇ ಎಂದು ಮಾತ್ರ ನೋಡುವ ಸದಸ್ಯ ಪಾಲು ಕೇಳುವವನು. ಪಕ್ಕದ ವಾರ್ಡಿನ ಮನೆ ನಿಜವಾಗಿ ದುರಸ್ತಿಯಾಗಿದೆಯೇ ಎಂದು ನೋಡುವವನು ಊರಿನ ಪ್ರತಿನಿಧಿ. ಇನ್ನು ಮನೆಯೊಡತಿಯ ಸಹಿಯಿಲ್ಲದೆ, ಆ ಸಹಿ ಹಾಕುವ ಮುನ್ನ ಏನೇನು ಕೆಲಸವಾಗಬೇಕಿತ್ತೆಂಬುದನ್ನು ಅವಳಿಗೆ ಅವಳ ಮಾತಿನಲ್ಲಿ ಓದಿ ಹೇಳದೆ, ಕೊನೆಯ ಕಂತು ಹೊರಡಬಾರದು.

ಅಮೆರಿಕದ ಆ ಎರಡು ನಗರಗಳಲ್ಲಿ ದಾರಿ ತೋರಿದವರಿಬ್ಬರೂ ಯಾವ ಹುದ್ದೆಯಲ್ಲಿಯೂ ಇದ್ದವರಲ್ಲ. ಒಬ್ಬಾಕೆ ತನ್ನ ಕೇರಿಯನ್ನು ಕೆಡವಬೇಡಿರೆಂದಳು. ಇನ್ನೊಬ್ಬಾಕೆ ಪಟ್ಟಿ ಹಿಡಿದು ಮನೆ ಮನೆಗೆ ಹೋದಳು. ಇದರಿಂದ ನಗರಸಭೆಗಳು ನಿರರ್ಥಕವೆಂದು ಹೇಳುವಂತಿಲ್ಲ. ಗ್ಯಾಡ್‌ಬೋಯ್ ಕಂಡದ್ದನ್ನು ಅಧಿಕಾರಿಗಳ ಬಾಯಿಂದಲೇ ವಿಚಾರಿಸಿ ಕೇಳುವ ಶಕ್ತಿ ಸಭೆಗಿತ್ತು, ಆಕೆಗಿರಲಿಲ್ಲ. ಒಬ್ಬ ನಾಗರಿಕಳ ಕಾಲಿಗಿದ್ದ ಶ್ರಮ ಸಭೆಯ ಕಾಲಿಗೂ ಇದ್ದಿದ್ದರೆ ಎರಡು ವರ್ಷ ಮೊದಲೇ ಆ ಪ್ರಶ್ನೆ ಏಳುತ್ತಿತ್ತು. ಇನ್ನಷ್ಟು ಮನೆಗಳು ಉಳಿಯುತ್ತಿದ್ದವು, ಅವುಗಳ ಒಡೆಯರು ಊರಿಗೆ ಮರಳುತ್ತಿದ್ದರು.